ಬೀರುವಿನಲ್ಲಿಟ್ಟ ಕೀಬೋರ್ಡು

ನಮ್ಮ ಮಾವನವರು ದಿನಾ ಸಂಜೆ ಆರಕ್ಕೆ ಕಂಪ್ಯೂಟರಿನ ಕೀಬೋರ್ಡು ಕಿತ್ತು, ಅದರ ವೈರು ಸುತ್ತಿ, ಹಳೆಯ ರೇಷ್ಮೆ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ಬೀರುವಿನಲ್ಲಿ ಬೆಳ್ಳಿ ದೀಪಗಳ ಪಕ್ಕ ಇಟ್ಟು ಬೀಗ ಹಾಕುತ್ತಿದ್ದರು. ಬೀಗದ ಕೈ ಅವರ ಉಡಿದಾರದಲ್ಲಿ. ಮಾರನೇ ದಿನ ಸಂಜೆ ನಾಲ್ಕಕ್ಕೆ ಕಾಫಿ ಕುಡಿದು, ಮುಖ ತೊಳೆದು, ವಿಭೂತಿ ಹಚ್ಚಿಕೊಂಡ ಮೇಲೆಯೇ ಅದಕ್ಕೆ ಬಿಡುಗಡೆ. ಅಷ್ಟು ಭದ್ರತೆ ನನ್ನ ಮದುವೆಯ ಒಡವೆಗೂ ಇರಲಿಲ್ಲ. ಅವು ಮಂಚದ ಕೆಳಗಿನ ಟ್ರಂಕಿನಲ್ಲಿ ಹಳೇ ಸ್ವೆಟರುಗಳ ಜೊತೆ ಬಿದ್ದಿದ್ದವು.

“ಕೀಬೋರ್ಡ್ ಇಲ್ದೆ ಕಂಪ್ಯೂಟರ್ ಏನ್ ಮಾಡುತ್ತಮ್ಮಾ? ಕಳ್ಳ ಬಂದ್ರೂ ಸುಮ್ನೆ ನೋಡ್ಕೊಂಡ್ ಹೋಗ್ಬೇಕು, ಅಷ್ಟೇ” ಅನ್ನುತ್ತಿದ್ದರು. ಕಳ್ಳ ಬಂದರೆ ಇಡೀ ಕಂಪ್ಯೂಟರನ್ನೇ ಹೊತ್ತುಕೊಂಡು ಹೋಗಿ ಬೇರೆ ಕೀಬೋರ್ಡು ಹಾಕಿಕೊಳ್ಳುತ್ತಾನೆ ಎಂಬ ಸಾಮಾನ್ಯ ಬುದ್ಧಿ ಮೂವತ್ತೈದು ವರ್ಷ ಸರ್ಕಾರಿ ಕಚೇರಿಯಲ್ಲಿ ಫೈಲು ತಿರುವಿದ ಮನುಷ್ಯನಿಗೆ ಹೊಳೆಯಲೇ ಇಲ್ಲ. ಹೊಳೆದದ್ದು ನನಗೆ. ಅದನ್ನು ಆಮೇಲೆ ಹೇಳುತ್ತೇನೆ.

ಮಾವನವರ ಹೆಸರು ಮಹಾರುದ್ರಪ್ಪ. ಚಿತ್ರದುರ್ಗದ ಕಡೆಯವರು. ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾಗಿ, ವಿಜಯನಗರದ ಮಾರ್ಕೆಟ್ಟಿನ ಹಿಂದಿನ ರಸ್ತೆಯಲ್ಲಿ ಎರಡಂಕಣದ ಮನೆ ಕಟ್ಟಿಸಿಕೊಂಡಿದ್ದರು. ಎರಡು ಸಾವಿರದ ಇಸವಿ ಕಳೆದ ಹೊಸದು. ಆ ರಸ್ತೆಯಲ್ಲಿ ಯಾರ ಮನೆಯಲ್ಲಿ ಕಂಪ್ಯೂಟರ್ ಇದೆ, ಯಾರ ಮನೆಯಲ್ಲಿಲ್ಲ ಎಂಬುದರ ಮೇಲೆ ಗಂಡಸರ ತೂಕ ನಿರ್ಧಾರವಾಗುತ್ತಿದ್ದ ಕಾಲ. ಎದುರುಮನೆಯವರು ಒಂದು ತಂದರು ಎಂದು ಇವರೂ ಎಸ್.ಪಿ. ರೋಡಿಗೆ ಹೋಗಿ ಒಂದನ್ನು ಜೋಡಿಸಿಕೊಂಡು ಬಂದರು. ಯಾತಕ್ಕೆ ಬೇಕು ಎಂದು ಅವರೂ ಕೇಳಿಕೊಳ್ಳಲಿಲ್ಲ, ಮಾರಿದವನೂ ಕೇಳಲಿಲ್ಲ.

ತಂದ ಮೇಲೆ ನೋಡಬೇಕಿತ್ತು ವೈಭವ! ಹಾಲಿನ ಮೂಲೆಯಲ್ಲಿ ನಾಲ್ಕು ಗಾಲಿಯ ಮೇಜು, ಅದರ ಮೇಲೆ ಹಂಡೆಯಷ್ಟು ದಪ್ಪದ ಮಾನಿಟರು, ಕೆಳಗಿನ ಹಲಗೆಯಲ್ಲಿ ಸಿಪಿಯು. ಎಲ್ಲಕ್ಕೂ ಅತ್ತೆಯ ಹಳೇ ಸೀರೆಯಿಂದ ಹೊಲಿಸಿದ ಜರಿಯಂಚಿನ ಗೌಸು. ಹತ್ತಿರ ಹೋಗುವವರು ಚಪ್ಪಲಿ ಹೊರಗೆ ಬಿಟ್ಟು ಕೈಕಾಲು ತೊಳೆದು ಬರಬೇಕು. ಮಂಗಳವಾರ, ಶುಕ್ರವಾರ ಸಾಂಬ್ರಾಣಿ ಹೊಗೆ. ದೇವರ ಮನೆಯಿಂದ ನೇರ ಸಿಪಿಯು ಹತ್ತಿರ ಬಂದು, ಹಿಂದೆ ಮುಂದೆ ಮೂರು ಸುತ್ತು ಹಾಕಿಸಿ, “ವೈರಸ್ಸು ಗಿರಸ್ಸು ಒಂದೂ ಬರಬಾರದು ನೋಡು” ಅನ್ನುತ್ತಿದ್ದರು. ಹೊಗೆಗೆ ಕೆಮ್ಮಿ ಕೆಮ್ಮಿ ನಾವೇ ಸಾಯಬೇಕಿತ್ತು. ರಾಹುಕಾಲದಲ್ಲಿ ಅದನ್ನು ಆನ್ ಮಾಡುವಂತಿಲ್ಲ. ಆನ್ ಆಗುವಾಗ ಬರುವ ಆ ನಾಲ್ಕು ಸ್ವರಕ್ಕೆ ಕೈ ಮುಗಿಯುವುದು ಬೇರೆ.

ಮನೆಯಲ್ಲಿ ಇದ್ದದ್ದು ಒಂದೇ ಟೇಬಲ್ ಫ್ಯಾನು. ಬೇಸಿಗೆಯಲ್ಲಿ ನಮ್ಮತ್ತೆ ಗೌರಮ್ಮನವರು ಒಲೆ ಮುಂದೆ ರೊಟ್ಟಿ ಬಡಿಯುತ್ತಾ ಬೆವರಲ್ಲಿ ತೊಯ್ದು ತೊಪ್ಪೆಯಾಗಿರುತ್ತಿದ್ದರು. ಫ್ಯಾನು ಮಾತ್ರ ಕಂಪ್ಯೂಟರಿಗೆ ಗಾಳಿ ಬೀಸುತ್ತಿತ್ತು.

“ಏನ್ರೀ, ಅದಕ್ಕೇನ್ ಸೆಕೆ ಆಗುತ್ತಾ?” ಎಂದು ಅತ್ತೆ ಒಂದು ಸಲ ಕೇಳಿದರು.

“ನಿಂಗೇನ್ ಗೊತ್ತಾಗುತ್ತೆ? ಅದು ತಲೆ ಉಪಯೋಗ್ಸೋ ಸಾಮಾನು” ಅಂದರು ಮಾವ.

ಸರಿ, ಅದರ ತಲೆಯನ್ನು ಇವರು ಎಷ್ಟು ಉಪಯೋಗಿಸುತ್ತಿದ್ದರು? ಇಸ್ಪೀಟು! ನಾಲ್ಕರಿಂದ ಆರರವರೆಗೆ ಇಸ್ಪೀಟು. ಮದುವೆ ಮನೆಯಲ್ಲಿ ಇಸ್ಪೀಟೆಲೆ ಹಾಕುವವರನ್ನು ಕಂಡರೆ ಎದ್ದು ಹೋಗುತ್ತಿದ್ದ ಶುದ್ಧ ಮನುಷ್ಯ, ಹಸಿರು ಪರದೆಯ ಮೇಲೆ ರಾಜ ರಾಣಿಯರನ್ನು ಎಳೆದಾಡುತ್ತಾ, ಯಾರಾದರೂ ಬಂದರೆ “ಮೌಸ್ ಪ್ರಾಕ್ಟೀಸ್ ಮಾಡ್ತಿದೀನಿ” ಅನ್ನುತ್ತಿದ್ದರು. ಆ ಪ್ರಾಕ್ಟೀಸು ವರ್ಷಗಟ್ಟಲೆ ನಡೆಯಿತು. ಕೀಬೋರ್ಡು ರೇಷ್ಮೆಯಿಂದ ಹೊರಬಂದು ಮೇಜಿನ ಮೇಲೆ ಸುಮ್ಮನೆ ಕೂತು, ಆರಕ್ಕೆ ಮತ್ತೆ ರೇಷ್ಮೆಯೊಳಗೆ ಹೋಗುತ್ತಿತ್ತು.

ಇದನ್ನೆಲ್ಲ ನೋಡಿ ನನಗೆ ಹೊಟ್ಟೆ ಉರಿಯುತ್ತಿದ್ದುದಕ್ಕೆ ಕಾರಣವಿದೆ. ಮದುವೆಗೆ ಮುಂಚೆ ನಾನು ರಾಜಾಜಿನಗರದ ಒಂದು ಡಿಟಿಪಿ ಅಂಗಡಿಯಲ್ಲಿ ಕನ್ನಡ ಟೈಪಿಂಗ್ ಮಾಡುತ್ತಿದ್ದವಳು. ಲಗ್ನಪತ್ರಿಕೆ, ಕರಪತ್ರ, ಸಂಘದ ವರದಿ, ಪುಸ್ತಕ, ಎಲ್ಲ. ಕೀಲಿಗಳನ್ನು ನೋಡದೆ ಹೊಡೆಯುತ್ತಿದ್ದೆ. ಅಂಗಡಿಯ ಯಜಮಾನರು “ಗಿರಿಜಾ ಕೂತ್ರೆ ಪ್ರೂಫ್ ನೋಡೋ ಕೆಲ್ಸ ಇಲ್ಲ” ಅನ್ನುತ್ತಿದ್ದರು. ಮದುವೆಯಾಯಿತು, ಕೆಲಸ ಬಿಡಿಸಿದರು. ಗಂಡ ಪೀಣ್ಯದ ಕಾರ್ಖಾನೆಯಲ್ಲಿ ಶಿಫ್ಟಿನವರು. ಅಪ್ಪ ಹೇಳಿದ್ದಕ್ಕೆ ಹೂಂಗುಟ್ಟುವುದು ಬಿಟ್ಟು ಅವರಿಗೆ ಬೇರೆ ಅಭಿಪ್ರಾಯವಿರಲಿಲ್ಲ. ಕೆಲಸ ಬಲ್ಲ ಕೈ ಖಾಲಿ ಕೂತರೆ ಎಂಥ ಹಿಂಸೆ ಎಂದು ಕೂತವರಿಗೇ ಗೊತ್ತು. ಚಪಾತಿ ಹಿಟ್ಟು ಕಲಸುವಾಗಲೂ ನನ್ನ ಬೆರಳು ಅಕ್ಷರ ಹುಡುಕುತ್ತಿದ್ದವು. ಅಂಥವಳ ಕಣ್ಣೆದುರಿಗೆ ಒಂದು ಕಂಪ್ಯೂಟರು ಜರಿ ಸೀರೆ ಉಟ್ಟುಕೊಂಡು ಗಾಳಿ ತಗೊಳ್ಳುತ್ತಿತ್ತು.

ಒಂದು ದಿನ ಧೈರ್ಯ ಮಾಡಿ ಕೇಳಿದೆ. “ಮಾವ, ಬೆಳಿಗ್ಗೆ ಹೊತ್ತು ಅದು ಸುಮ್ನೇ ಇರುತ್ತಲ್ಲ. ಮನೇಲೇ ಕೂತು ಟೈಪಿಂಗ್ ಮಾಡ್ಲಾ? ಯೂನಿವರ್ಸಿಟಿ ಹುಡ್ಗೀರು ಥೀಸಿಸ್ ಕೊಡ್ತಾರೆ.”

ಮಾವ ಇಸ್ಪೀಟಿನಿಂದ ಕಣ್ಣೆತ್ತಲಿಲ್ಲ. “ಅದು ಟೈಪ್‌ರೈಟರ್ ಅಲ್ಲಮ್ಮ, ಕಂಪ್ಯೂಟ್ರು. ಒಬ್ಬರ ಕೈಗೆ ಹೊಂದ್ಕೊಂಡಿರುತ್ತೆ. ಹೆಣ್ಮಕ್ಳು ಸಿಕ್ಕಸಿಕ್ಕ ಬಟನ್ ಒತ್ತಿದ್ರೆ ಸೆಟ್ಟಿಂಗ್ ಎಲ್ಲಾ ಕೆಟ್ಟೋಗುತ್ತೆ.”

“ನಂಗೆ ಬರುತ್ತೆ ಮಾವ. ಅದೇ ಕೆಲ್ಸ ಮಾಡ್ತಿದ್ದೆ.”

“ಅಂಗಡಿ ಕಂಪ್ಯೂಟ್ರು ಬೇರೆ, ಮನೆ ಕಂಪ್ಯೂಟ್ರು ಬೇರೆ” ಅಂದುಬಿಟ್ಟರು. ಅಲ್ಲಿಗೆ ಮುಗಿಯಿತು. ಸಂತೆಯ ದನ ಬೇರೆ, ಮನೆಯ ದನ ಬೇರೆ ಅಂದ ಹಾಗೆ. ಒಳಗೆ ಹೋಗಿ ಸೊಪ್ಪು ಬಿಡಿಸುವ ಬದಲು ಹರಿದು ಹಾಕಿದೆ.

ಆಗಲೇ ನನಗೆ ಹೊಳೆದದ್ದು: ಬೀರುವಿನಲ್ಲಿರುವುದು ಬರೀ ಕೀಬೋರ್ಡು. ತೌರಿಗೆ ಹೋಗಿಬರುತ್ತೇನೆ ಎಂದು ಹೊರಟವಳು ಎಸ್.ಪಿ. ರೋಡಿಗೆ ಹೋಗಿ ಹಳೆಯದೊಂದು ಕೀಬೋರ್ಡು ತಂದೆ. ಬಚ್ಚಿಡುವುದೆಲ್ಲಿ? ಮಾವ ಮನೆಯಲ್ಲಿ ಕೈ ಹಾಕದ ಒಂದೇ ಜಾಗವೆಂದರೆ ಅಡುಗೆಮನೆಯ ದೊಡ್ಡ ರಾಗಿ ಹಿಟ್ಟಿನ ಡಬ್ಬ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹಿಟ್ಟಿನೊಳಗೆ ನಿಲ್ಲಿಸಿದೆ. ಅತ್ತೆ ನೋಡಿಬಿಟ್ಟರು. ಮುದ್ದೆಗೆ ಹಿಟ್ಟು ತೆಗೆಯಲು ಹೋದ ಕೈಗೆ ಅದು ಸಿಕ್ಕಿತು. ಅತ್ತೆ ಅದನ್ನು ತಿರುಗಿಸಿ ನೋಡಿ, ಮತ್ತೆ ಹಿಟ್ಟಿನೊಳಗೆ ತುರುಕಿ, “ಇನ್ನೂ ಸ್ವಲ್ಪ ಒಳಗೆ ಇಡು ಕಣೇ, ಮೂಲೆ ಕಾಣುತ್ತೆ” ಅಂದರು. ಆ ಟೇಬಲ್ ಫ್ಯಾನಿನ ಸೇಡು ಅವರಲ್ಲೂ ಇತ್ತೆಂದು ಆವತ್ತು ತಿಳಿಯಿತು.

ಜ್ಞಾನಭಾರತಿಯಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಅನ್ನಪೂರ್ಣ ಬಾಗಲಕೋಟೆಯ ಹುಡುಗಿ, ನಮ್ಮ ಹಳೇ ಅಂಗಡಿಯ ಮೂಲಕ ನನ್ನನ್ನು ಹುಡುಕಿಕೊಂಡು ಬಂದಳು. ಕೈಬರಹದ ಕಟ್ಟು ನನ್ನ ಮಡಿಲಿಗೆ ಹಾಕಿ, “ಅಕ್ಕಾರ, ದಸರಾ ಸೂಟಿ ಮುಗದ ಮರುದಿನಾನ ಕೊಡಬೇಕ್ರಿ. ಇಲ್ಲಂದ್ರ ನನ್ನ ಅವಧಿ ಮುಗೀತೈತಿ. ಮತ್ತ ಊರಿಗೆ ಕರಕೊಂಡು ಹೋಗಿ ಮದುವಿ ಮಾಡ್ತಾರ ನೋಡ್ರಿ” ಅಂದಳು. ಒಪ್ಪಿಕೊಂಡೆ.

ಮಾವ ಬೆಳಿಗ್ಗೆ ಹತ್ತಕ್ಕೆ ಗ್ರಂಥಾಲಯಕ್ಕೆ ಪೇಪರ್ ಓದಲು, ಎಂದರೆ ಅಲ್ಲಿ ಬಂದವರ ಜೊತೆ ಜಗಳವಾಡಲು ಹೋಗುತ್ತಿದ್ದರು. ಅವರು ತಿರುವು ದಾಟಿದ್ದೇ ತಡ, ಡಬ್ಬದಿಂದ ಕೀಬೋರ್ಡು ತೆಗೆದು, ಹಿಟ್ಟು ಊದಿ, ಸಿಕ್ಕಿಸಿ ಕೂರುತ್ತಿದ್ದೆ. ಅತ್ತೆ ಬಾಗಿಲಲ್ಲಿ ಅಕ್ಕಿ ಮೊರ ಹಿಡಿದು ಕಾವಲು. ದೂರದಲ್ಲಿ ಮಾವನ ಕೊಡೆ ಕಂಡರೆ “ಗಿರಿಜಾ, ಹಾಲು ಉಕ್ತಾ ಇದೆ ನೋಡೇ!” ಎಂದು ಕೂಗುತ್ತಿದ್ದರು. ಅಷ್ಟರಲ್ಲಿ ಎಲ್ಲ ಮುಚ್ಚಿ ಗೌಸು ಹಾಕಬೇಕು. ಒಂದು ದಿನ ಮಾವ ಬಂದವರೇ ಮಾನಿಟರ್ ಮೇಲೆ ಕೈಯಿಟ್ಟರು.

“ಇದ್ಯಾಕೆ ಬೆಚ್ಚಗಿದೆ?”

“ಬಿಸಿಲಲ್ವೇನ್ರೀ ಹೊರಗೆ” ಅಂದರು ಅತ್ತೆ, ಅಕ್ಕಿಯಿಂದ ಕಲ್ಲು ಆರಿಸುತ್ತಾ.

“ಅಯ್ಯೋ, ಪಾಪ” ಎಂದು ಮಾವ ಓಡಿಹೋಗಿ ಅದಕ್ಕೆ ಫ್ಯಾನು ಹಾಕಿದರು. ನಾನು ಬಚ್ಚಲಿಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆ.

ಥೀಸಿಸ್ ಮುಗಿಯಿತು ಅನ್ನುವಾಗ ಆಯುಧಪೂಜೆ ಬಂತು. ಮೊದಲ ಎರಡು ಅಧ್ಯಾಯಗಳನ್ನು ಫ್ಲಾಪಿಗೆ ಹಾಕಿಟ್ಟಿದ್ದೆ. ಉಳಿದದ್ದೆಲ್ಲ ಆ ಕಂಪ್ಯೂಟರಿನೊಳಗೇ ಇತ್ತು. ಮಾವ ಬೆಳಿಗ್ಗೆಯೇ ಮಾರ್ಕೆಟ್ಟಿನಿಂದ ಬೂದುಗುಂಬಳ, ಸೇವಂತಿಗೆ ಹಾರ, ಒಂದು ಚೀಲ ನಿಂಬೆಹಣ್ಣು ತಂದರು. ಸ್ಕೂಟರ್ ತೊಳೆದು, ಕುಂಕುಮ ಇಟ್ಟು, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಹತ್ತಿಸಿದರು. ಆಮೇಲೆ ಒಳಗೆ ಬಂದು ಕಂಪ್ಯೂಟರಿಗೆ ಪೂಜೆ. ಮಾನಿಟರಿನ ಹಣೆಗೆ ಮೂರು ಪಟ್ಟೆ ವಿಭೂತಿ, ಸಿಪಿಯುಗೆ ಹಾರ. ಅಷ್ಟಕ್ಕೆ ಬಿಟ್ಟಿದ್ದರೆ ಆಗಿತ್ತು. ಚೀಲದಲ್ಲಿ ಇನ್ನೂ ನಾಲ್ಕು ನಿಂಬೆಹಣ್ಣು ಉಳಿದಿದ್ದವು. ಮಾವ ಬಗ್ಗಿ ಮೇಜಿನ ನಾಲ್ಕು ಗಾಲಿಯ ಮುಂದೆ ಒಂದೊಂದು ಇಟ್ಟರು.

“ಮಾವ, ಇದೇನು?”

“ಗಾಲಿ ಇದೆಯಲ್ಲಮ್ಮ. ಗಾಲಿ ಇದ್ಮೇಲೆ ನಿಂಬೆಹಣ್ಣು ತುಳಿಸ್ಬೇಕು. ಶಾಸ್ತ್ರ ಅಂದ್ರೆ ಶಾಸ್ತ್ರ.”

“ವೈರ್ ಆದ್ರೂ ಬಿಚ್ಚಿ ಮಾವ! ಮಾನಿಟರ್ ಇಳಿಸಿ!”

“ಪೂಜೆ ಹೊತ್ತಲ್ಲಿ ಅಡ್ಡ ಬಾಯಿ ಹಾಕ್ಬೇಡ” ಎಂದು ಗದರಿ, ಓಂ ನಮಃ ಶಿವಾಯ ಎಂದು ಮೇಜನ್ನು ತಳ್ಳಿದರು.

ಗೋಲಿಯಷ್ಟು ಗಾಲಿ ನಿಂಬೆಹಣ್ಣನ್ನು ಹತ್ತುವುದುಂಟೇ? ಮೇಜು ಅಲ್ಲಾಡಲಿಲ್ಲ. ಇನ್ನೊಂದು ಸಲ ತಳ್ಳಿದರು. ಮೂರನೇ ಸಲ ಪಂಚೆ ಎತ್ತಿ ಕಟ್ಟಿ, ಸ್ಕೂಟರ್ ಎಂದೇ ತಿಳಿದು ಭುಜ ಕೊಟ್ಟು ನೂಕಿದರು. ಎರಡು ಹಣ್ಣು ಚಿಮ್ಮಿದವು, ಎರಡು ಅಪ್ಪಚ್ಚಿಯಾದವು, ಹಿಂದಿನ ವೈರು ಜಗ್ಗಿತು, ಮೇಜು ಒಂದು ಕಡೆ ವಾಲಿತು, ವಿಭೂತಿ ಹಚ್ಚಿಕೊಂಡ ಮಾನಿಟರು ಮುಂದಕ್ಕೆ ಜಾರಿ ನೆಲಕ್ಕೆ ಬಿದ್ದು ಢಂ ಎಂದು ಒಡೆಯಿತು. ಎದುರುಮನೆಯವರು ಪಟಾಕಿ ಎಂದುಕೊಂಡರಂತೆ.

ಮಾವ ಅಲ್ಲೇ ಕುಸಿದು ಕೂತು ತಲೆ ಹಿಡಿದುಕೊಂಡರು. “ಹೋಯ್ತು. ಎಲ್ಲಾ ಹೋಯ್ತು” ಅಂದರು. ಮನೆಯಲ್ಲಿ ಹೆಣ ಬಿದ್ದವರ ಹಾಗೆ ಅತ್ತರು ಕೂಡ. ನನಗೆ ಅವರ ಅಳುವಿನ ಕಡೆ ಗಮನವೇ ಇಲ್ಲ. ಅನ್ನಪೂರ್ಣಳ ಐದು ವರ್ಷ, ನನ್ನ ಮೂರು ತಿಂಗಳು ಸಿಪಿಯು ಒಳಗಿದ್ದವು, ಅದು ಹಲಗೆಯಿಂದ ಅರ್ಧ ಹೊರಬಂದು ವಾಲಿ ನಿಂತಿತ್ತು.

“ಮಾವ, ಒಡೆದಿರೋದು ಟಿವಿ ಥರದ್ದು. ಎಲ್ಲಾ ಇರೋದು ಈ ಡಬ್ಬದಲ್ಲಿ. ಇದನ್ನ ಈಗ್ಲೇ ರಾಜಾಜಿನಗರದ ಅಂಗಡೀಲಿ ಹಾಕಿ ನೋಡ್ಬೇಕು” ಅಂದೆ. ಅಂದವಳೇ ಅಡುಗೆಮನೆಗೆ ಹೋಗಿ, ಎಲ್ಲರ ಎದುರಿಗೇ ರಾಗಿ ಡಬ್ಬದೊಳಗೆ ಕೈ ಹಾಕಿ ಕೀಬೋರ್ಡು ತೆಗೆದೆ. ಇನ್ನು ಯಾರಿಗೆ ಹೆದರುವುದು?

ಮಾವ ತಾವೂ ಬರುತ್ತೇನೆ ಎಂದು ಹಟ ಹಿಡಿದರು. ಆಟೋದಲ್ಲಿ ಸಿಪಿಯುವನ್ನು ಶಾಲು ಹೊದಿಸಿ ತೊಡೆಯ ಮೇಲೆ ಕೂರಿಸಿಕೊಂಡರು. ಹಳ್ಳ ಬಂದಾಗಲೆಲ್ಲ “ನಿಧಾನ ಕಣಪ್ಪಾ, ಪೇಷಂಟ್ ಇದೆ” ಅನ್ನುತ್ತಿದ್ದರು. ಆಟೋದವನು ಕನ್ನಡಿಯಲ್ಲಿ ನೋಡಿ, “ಸಾರ್, ಪೇಷಂಟ್‌ಗೆ ಹಾರ ಯಾಕ್ ಹಾಕಿದೀರಾ?” ಅಂದ. ಹಾರ ತೆಗೆಯುವುದನ್ನು ಯಾರೂ ನೆನಪಿಟ್ಟಿರಲಿಲ್ಲ.

ಅಂಗಡಿಯಲ್ಲಿ ಪೂಜೆ ಮುಗಿದು ಚುರುಮುರಿ ಹಂಚುತ್ತಿದ್ದರು. ಯಜಮಾನರು ತಮ್ಮದೊಂದು ಮಾನಿಟರಿಗೆ ಸಿಕ್ಕಿಸಿದರು. ನಾನು ನನ್ನ ಕೀಬೋರ್ಡು ಸಿಕ್ಕಿಸಿ ತಟ್ಟಿದೆ, ಹಿಟ್ಟು ಹಾರಿತು.

“ಇದು ಯಾರ ಕೀಬೋರ್ಡು?” ಎಂದರು ಮಾವ.

“ನಂದು.”

ಮಾವ ಏನೋ ಹೇಳಲು ಬಾಯಿ ತೆರೆದರು, ಅಷ್ಟರಲ್ಲಿ ಆ ನಾಲ್ಕು ಸ್ವರ ಬಂತು. ಅಭ್ಯಾಸಬಲ, ಕೈ ಮುಗಿದರು. ನಾನು ಫೈಲು ತೆರೆದೆ. ಇತ್ತು! ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದಕ್ಷರ ಹೋಗಿರಲಿಲ್ಲ. ನನಗೆ ಕಣ್ಣು ತುಂಬಿ ಪರದೆಯೇ ಕಾಣಲಿಲ್ಲ. ಮಾವ ಕನ್ನಡಕ ಏರಿಸಿಕೊಂಡು ಪುಟ ಉರುಳುವುದನ್ನು ನೋಡಿದರು, ನೋಡಿದರು, ಕೊನೆಗೆ ಅಂಗಡಿಯವರ ಕಡೆ ತಿರುಗಿ ಎದೆಯುಬ್ಬಿಸಿ, “ನೋಡಿದ್ರಾ ಸಾರ್ ನಮ್ ಮಷೀನು? ಎಷ್ಟ್ ಟೈಪ್ ಮಾಡಿದೆ!” ಅಂದರು.

ಮಷೀನು ಟೈಪ್ ಮಾಡಿತಂತೆ! ಆ ಮನುಷ್ಯನಿಗೆ ಏನು ಹೇಳುವುದು?

ಅಲ್ಲಿಂದ ಮುಂದೆ ನನಗೆ ಅನುಮತಿ ಸಿಕ್ಕಿತು. ಹೊಸ ಮಾನಿಟರ್ ಬಂತು. ನಾನು ಮುಂದೆ ಕೂತು ಹೊಡೆಯುವುದು, ಅವರು ಹಿಂದೆ ಕುರ್ಚಿ ಹಾಕಿಕೊಂಡು ಮೇಲ್ವಿಚಾರಣೆ ಮಾಡುವುದು. ರಸ್ತೆಯವರಿಗೆಲ್ಲ “ಸೊಸೆ ಕೈಲಿ ಮಾಡಿಸ್ತಾ ಇದೀನಿ” ಎಂದು ಹೇಳಿಕೊಂಡು ಬಂದರು. ಕೊಡುವ ದಿನ ಅನ್ನಪೂರ್ಣ ಕೃತಜ್ಞತೆಯ ಪುಟದ ಕೈಬರಹ ತಂದಾಗ ನಾನು ಮುದ್ರಣದ ಕಾಗದ ತರಲು ಹೊರಗೆ ಹೋಗಿದ್ದೆ. ಬೀರುವಿನಿಂದ ರೇಷ್ಮೆಯ ಕೀಬೋರ್ಡು ಹೊರಬಂತು. ಮಾವ ಒಂದೇ ಬೆರಳಲ್ಲಿ, ಕೋಳಿ ಕಾಳು ಹೆಕ್ಕಿದ ಹಾಗೆ, ಆ ಪುಟವನ್ನು ತಾವೇ ಹೊಡೆದರು. ಅವಸರದಲ್ಲಿ ಯಾರೂ ನೋಡಲಿಲ್ಲ. ರಟ್ಟು ಹಾಕಿಸಿದ ಪ್ರತಿಯನ್ನು ಅನ್ನಪೂರ್ಣ ಪೇಢೆಯ ಜೊತೆ ತಂದಳು. ತೆರೆದೆ. “ಅಚ್ಚುಕಟ್ಟಾಗಿ ಬೆರಳಚ್ಚು ಮಾಡಿಕೊಟ್ಟ ಶ್ರೀ ಮಹಾರುದ್ರಪ್ಪನವರಿಗೆ” ಎಂದಿತ್ತು. ನನ್ನ ಹೆಸರು ಎಲ್ಲೂ ಇಲ್ಲ.

“ಅಕ್ಕಾರ, ನಾ ನಿಮ್ಮ ಹೆಸರ ಬರದಿದ್ದೆರಿ, ಖರೇನ” ಎಂದು ಅನ್ನಪೂರ್ಣ ಅಳುವುದೊಂದು ಬಾಕಿ.

ನಾನು ಪುಸ್ತಕ ಹಿಡಿದು ಮಾವನ ಮುಂದೆ ಹೋಗಿ ನಿಂತೆ. “ಇದೇನ್ ಮಾವ?”

“ಕಂಪ್ಯೂಟರ್ ನಂದು. ನನ್ನಿಷ್ಟ” ಅಂದರು. ಮುಖದಲ್ಲಿ ನಾಚಿಕೆಯ ಗೆರೆಯೂ ಇಲ್ಲ. ಬೇರೆಯವರ ಹೆಸರು ಅಳಿಸಿ ಸಹಿ ಹಾಕುವ ಸರ್ಕಾರಿ ಚಾಳಿ, ನಿವೃತ್ತಿಯಾದರೂ ಹೋಗಿರಲಿಲ್ಲ. ಆ ಪುಟ ತೋರಿಸಲು ಅವರು ಮನೆಮನೆಗೆ ಹೋದರು. ಒಂದು ತಿಂಗಳು ನಾನು ಅವರಿಗೆ ಮಾತಾಡದೆ ಕಾಫಿ ಇಟ್ಟೆ, ಸಕ್ಕರೆಯನ್ನೂ ಕಮ್ಮಿ ಹಾಕಿದೆ. ಅವರಿಗೆ ಗೊತ್ತಾಗಲೇ ಇಲ್ಲ.

ನನ್ನ ಕೆಲಸ ಬೆಳೆಯಿತು. ನಾನೇ ಒಂದು ಹೊಸ ಕಂಪ್ಯೂಟರು ತೆಗೆದುಕೊಂಡೆ. ಅದಕ್ಕೆ ಗೌಸೂ ಇಲ್ಲ, ಸಾಂಬ್ರಾಣಿಯೂ ಇಲ್ಲ. ಟೇಬಲ್ ಫ್ಯಾನು ಅಡುಗೆಮನೆಗೆ ಹೋಯಿತು. ಮಾವನದು ಹಾಲಿನ ಮೂಲೆಯಲ್ಲಿ ಹಳದಿಯಾಗುತ್ತಾ ಇಸ್ಪೀಟಾಡುತ್ತಾ ಉಳಿಯಿತು. ಆರಕ್ಕೆ ಕೀಬೋರ್ಡು ಬೀರು ಸೇರುವುದು ಮಾತ್ರ ತಪ್ಪಲಿಲ್ಲ.

ಆಮೇಲೆ ಅವರಿಗೆ ಕಿಡ್ನಿಯ ತೊಂದರೆ ಕಾಣಿಸಿಕೊಂಡಿತು. ಇಳಿದುಹೋದರು. ಡಾಕ್ಟರು ಹೇಳುವುದನ್ನು ಹೇಳಿಯಾಗಿತ್ತು. ಒಂದು ಮಧ್ಯಾಹ್ನ ನನ್ನನ್ನು ಕರೆದು ಬೀಗದ ಕೈ ಕೊಟ್ಟು, ಕೀಬೋರ್ಡು ತೆಗೆಸಿ, ತಮ್ಮ ಕಂಪ್ಯೂಟರ್ ಆನ್ ಮಾಡಿಸಿದರು.

“ನನ್ನ ಶಿವಗಣಾರಾಧನೆ ಕಾರ್ಡ್ ಟೈಪ್ ಮಾಡು. ನಿನ್ ಗಂಡಂಗೆ ಬಿಟ್ರೆ ತಪ್ಪುತಪ್ಪು ಮಾಡಿಸ್ತಾನೆ.”

“ಏನ್ ಮಾತು ಅಂತ ಆಡ್ತೀರಾ ಮಾವ!”

“ಹೊಡಿ. ತಾರೀಕು ಖಾಲಿ ಬಿಡು.”

ಅವರು ಹೇಳಿದರು, ನಾನು ಹೊಡೆದೆ. ಲಿಂಗೈಕ್ಯರಾದ ಶ್ರೀ ಮಹಾರುದ್ರಪ್ಪನವರ, ಎಂದು ಅವರ ಬಾಯಿಂದಲೇ ಕೇಳಿ ಹೊಡೆಯುವುದು ಯಾರಿಗೂ ಬೇಡ. ಎರಡು ಸಲ ಓದಿಸಿ ಒಂದು ಕಡೆ ಅಲ್ಪವಿರಾಮ ಹಾಕಿಸಿದರು. ಮುಗಿಯಿತು ಎಂದು ನಾನು ಏಳುವಾಗ, “ಸರಿ, ಪಕ್ಕಕ್ಕೆ ಬಾ” ಎಂದು ತಾವು ಕುರ್ಚಿಯಲ್ಲಿ ಕೂತರು. ಮತ್ತೆ ಅದೇ ಒಂದು ಬೆರಳು. ಒಂದೊಂದು ಅಕ್ಷರ ಹುಡುಕಿ ಹುಡುಕಿ ಒತ್ತಿದರು. ಕಾರ್ಡಿನ ಕೆಳಗಡೆ, ಮೂಲೆಯಲ್ಲಿ, ಒಂದು ಸಾಲು ಬಂತು: ಅಕ್ಷರ ಜೋಡಣೆ, ಶ್ರೀಮತಿ ಗಿರಿಜಾ.

“ಇದನ್ನ ಇಂಥ ಕಾರ್ಡಲ್ಲಿ ಯಾರೂ ಹಾಕಲ್ಲ ಮಾವ. ನಗ್ತಾರೆ.”

“ನಗ್ಲಿ” ಅಂದರು. ಎದ್ದು ಹೋಗಿ ಮಲಗಿದರು. ನಾವಿಬ್ಬರೂ ಸರಿಯಾಗಿ ಮಾತಾಡಿದ್ದು ಅದೇ ಕೊನೆ. ಮುಂದಿನ ವಾರ ಹೋದರು.

ಖಾಲಿ ಬಿಟ್ಟ ತಾರೀಕನ್ನು ತುಂಬಿದವಳು ನಾನೇ. ಕೊನೆಯ ಸಾಲನ್ನು ಅಳಿಸಿಬಿಡೋಣವೆಂದು ಕೂತೆ. ಒಂದು ಕೀಲಿ ಒತ್ತಿ ಹಿಡಿದರೆ ಸಾಕಿತ್ತು, ಕೈ ಬರಲಿಲ್ಲ. ಹಾಗೇ ಅಚ್ಚಾಯಿತು.

ಆರಾಧನೆಯ ದಿನ ಪಂಕ್ತಿಯಲ್ಲಿ ಕೂತ ದುರ್ಗದ ಸಂಬಂಧಿಕರೊಬ್ಬರು ಕಾರ್ಡು ಹಿಡಿದು ಪಕ್ಕದವರಿಗೆ ತೋರಿಸಿ ಕಿಸಕ್ಕನೆ ನಕ್ಕರು. “ಏನಮ್ಮಾ ಗಿರಿಜಾ, ಮಾವನ ಸಾವಿನ ಕಾರ್ಡಲ್ಲೂ ನಿನ್ ಹೆಸ್ರು ಹಾಕ್ಸೋದು ಬಿಡಲಿಲ್ವಾ?”

ನಾನು ಅವರ ಎಲೆಗೆ ಅನ್ನ ಬಡಿಸುತ್ತಿದ್ದೆ.

“ಕಂಪ್ಯೂಟರ್ ಅವರದು. ಅವರಿಷ್ಟ” ಅಂದೆ. ಅಂದವಳಿಗೆ ಅಲ್ಲೇ, ಅಷ್ಟು ಜನರ ನಡುವೆ, ಅಳು ಬಂತು. ಮುದುಕ ಸತ್ತ ಮೇಲೂ ನನಗೆ ಮರ್ಯಾದೆಯಾಗಿ ಸಿಟ್ಟು ಮಾಡಿಕೊಳ್ಳಲು ಬಿಡಲಿಲ್ಲ.